ಬಾಯ್ಲರಿನ ಕಪ್ಪು ಬೆನ್ನು

ಕಲ್ಯಾಣಮ್ಮನವರು ಒಮ್ಮೆ ಬೇಡ ಎಂದರೆ ಮುಗಿಯಿತು, ಸಂಜೆಗೆ ಆ ಮಾತು ಬದಲಾಗುವುದಿಲ್ಲ ಎನ್ನುವುದು ರಾಜಾಜಿನಗರದ ಆ ಬೀದಿಗೆಲ್ಲ ಗೊತ್ತಿತ್ತು. ತರಕಾರಿಯವನು ಅವರ ಮನೆ ಮುಂದೆ ಎರಡನೇ ಸಲ ಕೂಗುತ್ತಿರಲಿಲ್ಲ. ಗಂಡ ಸೇತುರಾಮಯ್ಯನವರಿಗಂತೂ ಇಪ್ಪತ್ತೆಂಟು ವರ್ಷದ ಅನುಭವ. ಹಾಗಿದ್ದೂ ಐವತ್ತೇಳನೇ ಇಸವಿಯ ದೀಪಾವಳಿಗೆ ಎರಡು ವಾರವಿದೆ ಎನ್ನುವಾಗ ಅವರು ಧೈರ್ಯ ಮಾಡಿ ಒಂದೇ ಮಾತನ್ನು ಮೂರು ದಿನ ಹೇಳಿದರು.

"ಹೊಸ ಬಾಯ್ಲರ್ ತಗೊಂಡುಬಿಡೋಣ ಕಣೇ. ಹಳೇದನ್ನ ಪಾತ್ರೆ ಅಂಗಡಿಯವನು ತೂಕಕ್ಕೆ ಹಾಕ್ಕೊಳ್ತಾನೆ."

"ನಮ್ಮಮ್ಮ ಕೊಟ್ಟಿದ್ದನ್ನ ತಕ್ಕಡಿಗೆ ಹಾಕಲ್ಲ," ಎಂದರು ಕಲ್ಯಾಣಮ್ಮ, ಮೂರು ದಿನವೂ.

ಅದು ಸೊಂಟದೆತ್ತರದ ತಾಮ್ರದ ಬಾಯ್ಲರ್. ನಡುವೆ ಬೆಂಕಿಯ ಕೊಳವೆ, ಸುತ್ತ ನೀರು, ಹೊಟ್ಟೆಯ ಮೇಲೊಂದು ಹಿತ್ತಾಳೆ ನಲ್ಲಿ. ಮದುವೆಯಲ್ಲಿ ತವರಿನಿಂದ ಬಂದದ್ದು. ಮಗಳು ಪಂಕಜಾಗೆ ಹುಟ್ಟಿದ ದಿನ ನೀರು ಹಾಕಿದ್ದು ಅದರಿಂದಲೇ. ಈಗ ಪಂಕಜಾ ಏಳು ತಿಂಗಳ ಬಸುರಿ, ಹಬ್ಬ ಕಳೆದ ಮೇಲೆ ಬಾಣಂತನಕ್ಕೆ ಬರುವವಳಿದ್ದಳು. ಅವಳ ಮಗುವಿಗೂ ಅದೇ ಬಾಯ್ಲರಿನ ನೀರು ಬೀಳಬೇಕೆಂದು ಕಲ್ಯಾಣಮ್ಮ ನಿಶ್ಚಯ ಮಾಡಿಬಿಟ್ಟಿದ್ದರು. ಬಾಯ್ಲರ್ ಮಾತ್ರ ಅವರನ್ನು ಕೇಳದೆ ಸೋರತೊಡಗಿತು.

ಅವರ ಬಚ್ಚಲುಮನೆಯ ಬಾಗಿಲು ಹಿಂದಿನ ಓಣಿಗೆ ತೆರೆದುಕೊಳ್ಳುತ್ತಿತ್ತು. ಓಣಿಯಲ್ಲಿ ಹೋಗುವವರಿಗೆಲ್ಲ ಬಾಯ್ಲರ್ ಕಾಣುತ್ತಿತ್ತು, ಕಾಣಲಿ ಎಂದೇ ಬಾಗಿಲು ತೆರೆದಿರುತ್ತಿತ್ತು ಎಂದರೂ ತಪ್ಪಿಲ್ಲ. ಪ್ರತಿ ಶುಕ್ರವಾರ ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ಕಲ್ಯಾಣಮ್ಮ ಅದನ್ನು ತಿಕ್ಕುವ ರಭಸಕ್ಕೆ ಅವರ ಬಳೆಗಳು ಮೊಣಕೈಗೆ ಏರುತ್ತಿದ್ದವು. ಹಿಂದಿನ ಮನೆ ಇಂದ್ರಮ್ಮ ಒಮ್ಮೆ, "ನಿಮ್ಮ ಬಾಯ್ಲರಲ್ಲಿ ಮುಖ ನೋಡ್ಕೊಂಡು ಕುಂಕುಮ ಇಟ್ಕೋಬೋದು ಕಣ್ರೀ," ಎಂದಿದ್ದರು. ಹೇಳಿದವರು ಅದನ್ನು ಅಂದೇ ಮರೆತರು. ಕೇಳಿಸಿಕೊಂಡವರು ಮರೆಯಲಿಲ್ಲ, ಅಂದಿನಿಂದ ಬುಧವಾರವೂ ತಿಕ್ಕತೊಡಗಿದರು.

ಸೋರಿಕೆ ನಲ್ಲಿಯ ಬುಡದಲ್ಲಿತ್ತು. ಸೇತುರಾಮಯ್ಯನವರು ಸೋಪು, ಸುಣ್ಣ ಕಲಸಿ ಮೆತ್ತಿದರು. ಎರಡು ದಿನ ನಿಂತು, ಮೂರನೇ ದಿನ ಪಕ್ಕದಲ್ಲಿ ಜಿನುಗಿತು. ಕಲ್ಯಾಣಮ್ಮನವರಿಗೆ ತಪ್ಪಿತಸ್ಥರನ್ನು ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ದಿನಾ ಬೆಳಿಗ್ಗೆ ಬಾಯ್ಲರಿಗೆ ಉರಿ ಹಾಕುವವರು ಗಂಡನೇ.

"ಕೊಳವೆ ತುಂಬ ಕರಟ ತುರುಕ್ತೀರಲ್ಲ, ಯಾವ ತಾಮ್ರ ತಡಕೊಳ್ಳತ್ತೆ? ನಿಮ್ಮ ಬೆಂಕಿಯೇ ಇದನ್ನ ತಿಂದಿದ್ದು."

ಸೇತುರಾಮಯ್ಯನವರು ಗಿರಣಿಯ ಕಚೇರಿಯಲ್ಲಿ ಗುಮಾಸ್ತರು, ಎದುರುತ್ತರ ಕೊಟ್ಟು ಅಭ್ಯಾಸವಿಲ್ಲದವರು. ಮರುದಿನದಿಂದ ಕರಟ ಬಿಟ್ಟು ನಾಲ್ಕು ಸೌದೆಚೂರು ಹಾಕಿ, ಉಗುರುಬೆಚ್ಚಗಿನ ನೀರಲ್ಲಿ ಮಿಂದು, ಮೈ ನಡುಗಿಸಿಕೊಂಡು ಸೈಕಲ್ ಹತ್ತತೊಡಗಿದರು. ಹಬ್ಬದ ಬೋನಸ್ಸಿನಲ್ಲಿ ಉಣ್ಣೆಯ ಕೋಟು ಹೊಲಿಸಬೇಕೆಂದು ಎರಡು ವರ್ಷದಿಂದ ಆಸೆಪಟ್ಟಿದ್ದವರು, ಹಾಳು ಮಾಡಿದವನು ನಾನೇ ತಾನೇ ಎಂದುಕೊಂಡು, ಕೋಟಿನ ಬದಲು ಬಾಯ್ಲರಿನ ಮಾತು ತೆಗೆದಿದ್ದರು.

ನಾಲ್ಕನೇ ದಿನ ಗಂಡ ಅತ್ತ ಗಿರಣಿಗೆ ಹೋಗುತ್ತಲೇ ಕಲ್ಯಾಣಮ್ಮ ಜಟಕಾ ಕರೆಸಿದರು. ಬಾಯ್ಲರನ್ನು ಹಳೆಯ ಜಮಖಾನದಲ್ಲಿ ಸುತ್ತಿ ಗಾಡಿಗೆ ಏರಿಸಿ, ಪಕ್ಕದಲ್ಲಿ ತಾವೂ ಕೂತು ಒಂದು ಕೈಯಲ್ಲಿ ಅದನ್ನು ತಬ್ಬಿಕೊಂಡರು. ಮಾಗಡಿ ರಸ್ತೆಯಲ್ಲಿ ಅಂಜಿನಯ್ಯ ಎಂಬ ತಾಮ್ರದ ಕೆಲಸದವನಿದ್ದ. ರಿಪೇರಿಗೆ ಬಂದದ್ದನ್ನು ಮೊದಲು ಬಯ್ದು, ಆಮೇಲೆ ಮಾಡಿಕೊಡುವುದು ಅವನ ಪದ್ಧತಿ.

ಅಂಜಿನಯ್ಯ ಕೊಳವೆಯೊಳಗೆ ಕೈ ಹಾಕಿ ನೋಡಿದ. ಆಮೇಲೆ ಬಾಯ್ಲರನ್ನು ಸುತ್ತುತ್ತಾ ಸಣ್ಣ ಮರದ ಕೊಡತಿಯಿಂದ ತಟ್ಟಿದ.

"ಬೆಂಕಿ ಏನೂ ಮಾಡಿಲ್ಲಮ್ಮ. ಕೊಳವೆ ಗಟ್ಟಿಯಾಗೇ ಅದೆ. ಇದನ್ನ ತಿಕ್ಕೋರು ಯಾರು?"

"ನಾನೇ," ಎಂದರು ಕಲ್ಯಾಣಮ್ಮ. ಹೊಗಳಿಕೆ ಬರುತ್ತದೆಂದು ಸೆರಗು ಸರಿಮಾಡಿಕೊಂಡರು ಕೂಡ.

"ಹುಣಸೆಹಣ್ಣಾ?"

"ಇಟ್ಟಿಗೆಪುಡೀನೂ. ವಾರಕ್ಕೆ ಎರಡು ಸಲ."

ಅಂಜಿನಯ್ಯ ಕೊಡತಿಯನ್ನು ಅವರ ಕೈಗೇ ಕೊಟ್ಟ. "ನೀವೇ ತಟ್ಟಿ ನೋಡಿ."

ಮನೆಯಲ್ಲಿ ಗೋಡೆ ಕಡೆಗಿರುತ್ತಿದ್ದ ಕರಿಯ ಬೆನ್ನನ್ನು ತಟ್ಟಿದರೆ ಢಣ್ ಎಂದು ತುಂಬಿದ ದನಿ. ಹೊಳೆಯುವ ಹೊಟ್ಟೆಯನ್ನು ತಟ್ಟಿದರೆ ಡಬ್ಬದ ತಗಡಿನ ಸದ್ದು. ಕಲ್ಯಾಣಮ್ಮ ಎರಡು ಸಲ ತಟ್ಟಿದರು, ಆಮೇಲೆ ಕೊಡತಿಯನ್ನು ಹಿಂದಕ್ಕೆ ಕೊಟ್ಟರು.

"ಬೆನ್ನಿಗೆ ನಿಮ್ಮ ಕೈ ಎಟುಕಲಿಲ್ಲ, ಉಳಕೊಂತು," ಎಂದ ಅಂಜಿನಯ್ಯ. "ನಲ್ಲಿ ಹತ್ರ ಸವೆದು ಹಾಳೆ ಹಂಗೆ ಅದೆ. ತೇಪೆ ಹಾಕಿದ್ರೂ ದಿನಾ ನಲ್ಲಿ ತಿರುಗಿಸೋ ಜಗ್ಗಾಟಕ್ಕೆ ಹರಿದೋಗತ್ತೆ. ತೂಕಕ್ಕೆ ಹಾಕ್ಬಿಡಿ ತಾಯಿ."

ಕಲ್ಯಾಣಮ್ಮನವರಿಗೆ ನಾಚಿಕೆಯಾಯಿತು. ಅಮ್ಮ ಕೊಟ್ಟದ್ದನ್ನು ತಾವೇ ತಮ್ಮ ಕೈಯಾರೆ, ಅದೂ ಹೆಮ್ಮೆಯಿಂದ, ಇಷ್ಟಿಷ್ಟೇ ಸವೆಸಿ ಚರಂಡಿಗೆ ಬಿಟ್ಟಿದ್ದರು. ಕಣ್ಣು ತುಂಬಿತು. ಆದರೆ ಅಳುವುದಕ್ಕೆ ಅವರು ಜಟಕಾ ಮಾಡಿಕೊಂಡು ಬಂದಿರಲಿಲ್ಲ. ಬಾಯ್ಲರಿಗೆ ನಿಧಾನವಾಗಿ ಒಂದು ಸುತ್ತು ಬಂದರು.

"ನಲ್ಲೀನ ಬೆನ್ನಿಗೆ ಹಾಕು."

"ಏನಮ್ಮ?"

"ಬೆನ್ನು ಗಟ್ಟಿ ಇದೆ ಅಂತ ನೀನೇ ಹೇಳಿದೆ. ಅಲ್ಲಿ ತೂತು ಕೊರೆದು ನಲ್ಲಿ ಕೂರಿಸು. ಮುಂದುಗಡೆ ಸವೆದ ಜಾಗಕ್ಕೆಲ್ಲ ದೊಡ್ಡದೊಂದು ತೇಪೆ ಹಾಕಿ ಬೆಸೆದುಬಿಡು. ನಾನು ತಿರುಗಿಸಿ ಇಟ್ಕೋತೀನಿ."

"ತೇಪೆ ಅಸಹ್ಯವಾಗಿ ಕಾಣತ್ತೆ."

"ಗೋಡೆ ತಾನೇ ನೋಡೋದು, ನೋಡ್ಲಿ ಬಿಡು."

ಅಂಜಿನಯ್ಯ ತಲೆ ಕೆರೆದುಕೊಂಡ. ಆಗದು ಎನ್ನಲು ಕಾರಣ ಸಿಗಲಿಲ್ಲ. "ಆಗತ್ತೆ. ಆದ್ರೆ ಇನ್ಮೇಲೆ ಹುಣಸೆಹಣ್ಣು ಮುಟ್ಟಿಸಬಾರದು. ಕರ್ರಗೇ ಇರಬೇಕು."

ಕಲ್ಯಾಣಮ್ಮ ಒಪ್ಪಿದರು. ಒಪ್ಪಲು ಅವರಿಗೆ ಎಷ್ಟು ಹೊತ್ತು ಹಿಡಿಯಿತು ಎನ್ನುವುದನ್ನು ಅಂಜಿನಯ್ಯನೇ ಹೇಳಬೇಕು.

ಸಂಜೆ ಮನೆಗೆ ಬಂದವರು ಗಂಡನಿಗೆ ರಿಪೇರಿಯಾಗುತ್ತದೆ ಎಂದಷ್ಟೇ ಹೇಳಿದರು. ಮಿಕ್ಕದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೇ ಬಂದಿದ್ದರು, ಅದನ್ನು ಹೊಸಿಲಿನಾಚೆಯೇ ಬಿಟ್ಟು ಒಳಗೆ ಬಂದರು.

"ಒಳ್ಳೇದಾಯ್ತು," ಎಂದರು ಸೇತುರಾಮಯ್ಯ. "ನಾನಂತೂ ಇನ್ನು ಕರಟ ಮುಟ್ಟಲ್ಲ."

ಕಲ್ಯಾಣಮ್ಮ ಉರಿಯದ ಒಲೆಯನ್ನು ಊದುತ್ತಾ ಕೂತರು. ಒಂದು ವಾರವಾಯಿತು. ಬಾಯ್ಲರ್ ಬಂತು, ಕರಿಯ ಬೆನ್ನು ಓಣಿಗೆ ಕಾಣುವ ಹಾಗೆ ಕೂತಿತು, ಹನಿ ನೀರು ಸೋರಲಿಲ್ಲ. ಸೇತುರಾಮಯ್ಯನವರು ದಿನವೂ ನಾಲ್ಕೇ ಚೂರು ಸೌದೆ ಎಣಿಸಿ ಹಾಕಿ ನಡುಗುತ್ತಲೇ ಇದ್ದರು. ಹಟದ ಹೆಂಗಸು ಎಂದು ಹೆಸರಾದವರಿಗೆ ಆ ಒಂದು ಮಾತು ಹೇಳುವಷ್ಟು ಹಟ ಮಾತ್ರ ಸಾಲಲಿಲ್ಲ.

ನೀರು ತುಂಬುವ ಹಬ್ಬದ ಸಂಜೆ ಬಂತು. ಓಣಿಯ ಎಲ್ಲ ಬಚ್ಚಲುಮನೆಗಳಲ್ಲೂ ಹಂಡೆ, ಬಾಯ್ಲರುಗಳು ಫಳಫಳ ಹೊಳೆಯುತ್ತಿದ್ದವು. ಕಲ್ಯಾಣಮ್ಮ ತಮ್ಮ ಕರಿ ಬಾಯ್ಲರಿಗೆ ಸುಣ್ಣದ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತಿ, ನೀರು ತುಂಬುತ್ತಿದ್ದರು. ಸೇತುರಾಮಯ್ಯನವರು ಕೊಡ ಎತ್ತಿಕೊಡುತ್ತಿದ್ದರು. ಇಂದ್ರಮ್ಮ ಬಾಗಿಲಲ್ಲಿ ನಿಂತರು.

"ಏನ್ರೀ ಕಲ್ಯಾಣಮ್ಮ, ಹಬ್ಬದ ದಿನಾನೂ ಬಾಯ್ಲರ್ ತಿಕ್ಕಿಲ್ಲ? ಮೈ ಹುಷಾರಿಲ್ವಾ?"

ಕಲ್ಯಾಣಮ್ಮ ಬಾಯಿ ತೆರೆಯುವ ಮೊದಲೇ ಸೇತುರಾಮಯ್ಯನವರು ಹೆಂಡತಿಗೆ ಅಡ್ಡ ನಿಂತವರಂತೆ ಮುಂದೆ ಬಂದರು. "ಅವಳದೇನೂ ಇಲ್ಲ ತಾಯಿ. ನಾನು ಉರಿ ಜಾಸ್ತಿ ಹಾಕಿ ಹಾಳು ಮಾಡಿಬಿಟ್ಟೆ. ರಿಪೇರಿ ಆಗಿದೆ, ಅದಕ್ಕೇ ಹೀಗೆ."

ಕಲ್ಯಾಣಮ್ಮ ಕೈಯಲ್ಲಿದ್ದ ಕೊಡವನ್ನು ಕೆಳಗಿಟ್ಟರು.

"ಇವರಲ್ಲ ಇಂದ್ರಮ್ಮ, ನಾನು. ಹೊಳೀಲಿ ಅಂತ ತಿಕ್ಕಿ ತಿಕ್ಕಿ ತಾಮ್ರಾನೇ ಸವೆಸಿಬಿಟ್ಟೆ. ಬೆಂಕಿಯಿಂದ ಏನೂ ಆಗಿಲ್ಲ ಅಂತ ಅಂಜಿನಯ್ಯ ಹತ್ತು ದಿನದ ಹಿಂದೇನೇ ಹೇಳಿದ. ಇವರಿಗೆ ನಾನು ಹೇಳಿರಲಿಲ್ಲ."

ಇಂದ್ರಮ್ಮನವರಿಗೆ ಏನು ತೋಚಿತೋ, ಬೇಗ ಬೇಗ ತಮ್ಮ ಮನೆಯ ಕಡೆ ಹೋದರು. ಅತ್ತ ಕಡೆಯಿಂದ ಅವರು ಹಂಡೆ ತಟ್ಟಿ ನೋಡುವ ಸದ್ದು ಕೇಳಿಸಿತು.

ಸೇತುರಾಮಯ್ಯನವರು ಬಾಯ್ಲರಿನ ಕೊಳವೆಯೊಳಗೆ ಬಗ್ಗಿ ನೋಡಿದರು. ಆಮೇಲೆ ಕೇಳಿದರು, "ಹಾಗಾದ್ರೆ ಕರಟ ಹಾಕಬಹುದಾ?"

"ಹಾಕಿ. ಹಬ್ಬ ಕಳೀತಿದ್ದ ಹಾಗೇ ಕೋಟೂ ಹೊಲಿಸಿ," ಎಂದರು ಕಲ್ಯಾಣಮ್ಮ. ಅಭ್ಯಾಸಬಲದಿಂದ ಬೆಳಿಗ್ಗೆಯೇ ನೆನೆಹಾಕಿಟ್ಟಿದ್ದ ಹುಣಸೆಹಣ್ಣು ಆ ದಿನದ ಸಾರಿಗೆ ಹೋಯಿತು.

ಮರುದಿನ ಬೆಳಗಿನ ಜಾವ ಕೊಳವೆ ತುಂಬ ಕರಟ ಉರಿಯಿತು. ಸೇತುರಾಮಯ್ಯನವರು ಎಣ್ಣೆ ಹಚ್ಚಿಕೊಂಡು ಮಣೆಯ ಮೇಲೆ ಕೂತರು. ಕಲ್ಯಾಣಮ್ಮ ಹೊಸ ಜಾಗದ ನಲ್ಲಿ ತಿರುಗಿಸಿ, ತಂಬಿಗೆ ತುಂಬಿ ಗಂಡನ ಬೆನ್ನಿಗೆ ಸುರಿದರು.

"ಸುಡ್ತಾ ಇದೆ ಕಣೇ."

"ತಡಕೊಳ್ಳಿ," ಎಂದು ಕಲ್ಯಾಣಮ್ಮ ಇನ್ನೊಂದು ತಂಬಿಗೆ ತುಂಬಿದರು. "ಎರಡು ವಾರದ ಬಿಸಿನೀರು ನಿಮಗೆ ಬಾಕಿ ಇದೆ."