ಶಶಿರೇಖಾ ಕಂಡ ಕಿಣ್ವ

ತಮಿಳುನಾಡಿನ ಪಾಪಿರೆಡ್ಡಿಪಟ್ಟಿಯ ಆಚೆ ಕುರಿ ಸಾಕಿಕೊಂಡಿದ್ದ ಗುಂಡಮ್ಮನ ಮಗಳು ಶಶಿರೇಖಾ. ಸೇಲಂನ ಕಾಲೇಜೊಂದರಲ್ಲಿ ಪಿಎಚ್.ಡಿ.ಗೆ ಸೇರಿದಾಗ ಅವಳಿಗೆ ಸಿಕ್ಕ ಕೆಲಸ ಯೀಸ್ಟಿನದು. ಬನ್ನು ಉಬ್ಬಿಸುವ ಅದೇ ಯೀಸ್ಟು. ಅದರ ಜೀವಕೋಶದೊಳಗೆ ಸೆರಾಮೈಡ್ ಎಂಬ ಕೊಬ್ಬನ್ನು ತಯಾರಿಸುವ ಕಿಣ್ವವಿದೆ. ಹಲವು ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಂಡು ಆದ ಕೂಟ ಅದು. ಅದರ ಆಕಾರವನ್ನು ಕಾಣಬೇಕಿತ್ತು.

ಊರಿಗೆ ಹೋದಾಗ ಅವ್ವ ಕೇಳಿದಳು, "ಅದೇನ್ ಮಾಡ್ತೈತೆ ಅದು?"

"ಎರಡು ತುಂಡು ಸೇರ್ಸಿ ಒಂದು ಕೊಬ್ಬು ಮಾಡ್ತೈತವ್ವ. ಮೊದ್ಲು ಒಂದು ಉದ್ದನೆ ಎಳೆನ ತನ್ನ ಮೈಗೇ ಅಂಟಿಸ್ಕೊಂತೈತೆ, ಅಪ್ಪುರಂ ಅದನ್ನ ಇನ್ನೊಂದು ತುಂಡಿಗೆ ಕೊಡ್ತೈತೆ. ಅಂಗಂತ ನಮ್ಮ ಅಂದಾಜು. ಇನ್ನೂ ಕಂಡಿಲ್ಲ."

ಕಿಣ್ವವಿರುವುದು ಕೋಶದೊಳಗಿನ ಕೊಬ್ಬಿನ ಪೊರೆಯಲ್ಲಿ. ಸಾಬೂನಿನಂಥ ದ್ರವ ಹಾಕಿ ಪೊರೆಯನ್ನು ಕರಗಿಸಿದರೆ ಮಾತ್ರ ಅದು ಹೊರಬರುತ್ತದೆ. ಶಶಿರೇಖಾ ಹಾಗೆ ತೆಗೆದ ಮಾದರಿಯನ್ನು ಐಸ್ ತುಂಬಿದ ಥರ್ಮಾಕೋಲ್ ಡಬ್ಬಿಗೆ ಹಾಕಿ, ಅದನ್ನು ಮಡಿಲಲ್ಲಿಟ್ಟುಕೊಂಡು ಬೆಂಗಳೂರಿನ ಬಸ್ಸು ಹತ್ತುತ್ತಿದ್ದಳು. ಪ್ರೋಟೀನಿನ ಆಕಾರ ತೋರಿಸುವಂಥ ದೊಡ್ಡ ಎಲೆಕ್ಟ್ರಾನ್ ಮೈಕ್ರೋಸ್ಕೋಪು ಇದ್ದದ್ದು ಅಲ್ಲಿ. ಪ್ರತಿ ಸಲವೂ ಕಂಡದ್ದು ಚೂರುಗಳೇ, ಕೂಟ ಬಿಚ್ಚಿಹೋಗಿರುತ್ತಿತ್ತು.

"ನಿನ್ನ ಸಾಬೂನು ತೀರಾ ಕಟುವಾಯಿತೇನೋ," ಎಂದರು ಅವಳ ಗೈಡ್ ಮಾಲತಿ. "ಸೌಮ್ಯವಾದದ್ದನ್ನು ಹಾಕಿ ನೋಡೋಣ."

ಹೊಸ ದ್ರವ ಹುಡುಕಿ ಒಗ್ಗಿಸುವುದರಲ್ಲೇ ವರ್ಷ ಕಳೆಯಿತು. ಕೊನೆಗೊಂದು ಮಧ್ಯಾಹ್ನ ಪರದೆಯ ಮೇಲೆ ಇಡೀ ಕೂಟ ಮೂಡಿತು. ನಡುವೆ ಪುಟ್ಟ ಪ್ರೋಟೀನುಗಳ ಜೋಡಿ, ಆಚೀಚೆ ಕೊಬ್ಬು ಹೆಣೆಯುವ ದೊಡ್ಡವು. ಶಶಿರೇಖಾ ಊಟ ಮರೆತು ನೋಡುತ್ತ ಕೂತಳು.

ಅವಳಿನ್ನೂ ಲೇಖನ ಬರೆಯುತ್ತಿದ್ದಾಗಲೇ ಹೊರದೇಶದ ತಂಡವೊಂದು ಅದೇ ಆಕಾರವನ್ನು ಪ್ರಕಟಿಸಿಬಿಟ್ಟಿತು. ಅವಳು ಲ್ಯಾಬಿಗೆ ಬೀಗ ಹಾಕಿ ಊರಿಗೆ ಹೋದಳು. ಮಾಡಿದ್ದೆಲ್ಲ ವ್ಯರ್ಥವಾಯಿತೆಂದಷ್ಟೇ ಹೇಳಿ ಕುರಿಗಳ ಹಿಂದೆ ತಿರುಗಿದಳು. ಗುಂಡಮ್ಮ ಕಾದು, ಮೆಲ್ಲಗೆ ಕೇಳಿದಳು.

"ನೀ ಕಂಡಿದ್ದು ತಪ್ಪಾ?"

"ಇಲ್ಲ. ಅವ್ರೂ ಅದನ್ನೇ ಕಂಡವ್ರೆ. ನನಗಿಂತ ಮೊದ್ಲೇ ಎಲ್ರಿಗೂ ಏಳ್ಬಿಟ್ರು."

"ಆ ಎಳೆ ಅಂಟ್ಕೊಳ್ಳೋದು? ಅದೂ ಕಂಡವ್ರಾ?"

ಅದನ್ನು ಅವರು ತೋರಿಸಿರಲಿಲ್ಲ. "ಇಲ್ಲವ್ವ," ಎಂದಳು ಶಶಿರೇಖಾ.

ಸೇಲಂಗೆ ಮರಳಿದವಳು, ಎಳೆ ಅಂಟಬಹುದೆಂದು ತನಗನ್ನಿಸಿದ ಜಾಗದಲ್ಲಿ ಪ್ರೋಟೀನಿನ ಒಂದೇ ಒಂದು ಕೊಂಡಿಯನ್ನು, ಒಂದು ಅಮೈನೋ ಆಮ್ಲವನ್ನು, ಬದಲಾಯಿಸಿದಳು. ಕೂಟ ಮೊದಲಿನಂತೆಯೇ ಸೇರಿಕೊಂಡಿತು, ಆದರೆ ಕೊಬ್ಬು ತಯಾರಾಗಲೇ ಇಲ್ಲ. ಬದಲಾಯಿಸದ ಕಿಣ್ವದಲ್ಲಿ ಮಾತ್ರ ಅದೇ ಜಾಗಕ್ಕೆ ಎಳೆ ಕಚ್ಚಿಕೊಂಡಿರುವುದು ಕಂಡಿತು. ಚಿಕ್ಕ ವಿಜ್ಞಾನ ಪತ್ರಿಕೆಯೊಂದು ಅದನ್ನು ಪ್ರಕಟಿಸಿತು. ಆ ಹೊರದೇಶದ ತಂಡದವರು ಆ ಬದಲಾಯಿಸಿದ ಯೀಸ್ಟಿನ ಮಾದರಿ ಕಳಿಸಿಕೊಡಿ ಎಂದು ಕೇಳಿದಾಗ ಅವಳಿಗೆ ಮೊದಲು ಸಿಟ್ಟು ಬಂತು. ಆಮೇಲೆ ಕಳಿಸಿದಳು.

ಈಗ ಅವಳು ಧರ್ಮಪುರಿಯಲ್ಲಿ ಪಾಠ ಮಾಡುತ್ತಾಳೆ. ಅಲ್ಲಿ ಅಂಥ ಮೈಕ್ರೋಸ್ಕೋಪಿಲ್ಲ. ಯೀಸ್ಟು ಮಾತ್ರ ಚೆನ್ನಾಗಿ ಬೆಳೆಯುತ್ತದೆ, ವಿದ್ಯಾರ್ಥಿಗಳು ಫ್ಲಾಸ್ಕುಗಳನ್ನು ಮೂಸಿ ಬೇಕರಿಯ ವಾಸನೆ ಎಂದು ನಗುತ್ತಾರೆ.