ದೊಡ್ಡಪ್ಪನ ಕತ್ತರಿ

ಸಾಲು ರಜೆ ಬಂತೆಂದರೆ ನಾವೆಲ್ಲ ದೊಡ್ಡಪ್ಪನ ಮನೆಗೆ ಓಡಿಬರುತ್ತೇವೆ. ಬಂದ ಗಂಡಸರೆಲ್ಲ ಮೊದಲು ಬಚ್ಚಿಟ್ಟುಕೊಳ್ಳಲು ಜಾಗ ಹುಡುಕುತ್ತೇವೆ. ಏಕೆಂದರೆ ದೊಡ್ಡಪ್ಪ ಸೈನ್ಯದಲ್ಲಿ ಕ್ಷೌರಿಕನಾಗಿದ್ದವನು. ನಿವೃತ್ತಿಯಾದದ್ದು ಅವನಿಗೆ ಮಾತ್ರ, ಅವನ ಕತ್ತರಿಗೆ ಇನ್ನೂ ಆಗಿಲ್ಲ. ತಾರಸಿಯ ಮೇಲೆ ಕುರ್ಚಿ ಹಾಕಿ, "ಮುಂದಿನವ ಬಾ! ಮೇಜರ್ ಸಾಹೇಬ್ರೇ ನನ್ನೆದುರು ತಲೆ ತಗ್ಗಿಸ್ತಿದ್ರು, ನೀನ್ಯಾವ ಲೆಕ್ಕ?" ಎಂದು ಗುಡುಗುತ್ತಾನೆ. ಹೊಸ ಅಳಿಯನ ಉದ್ದ ಕೂದಲು ಕಂಡರಂತೂ ಅವನ ಕೈ ತುರಿಸುತ್ತದೆ. "ಮದುವೆ ಆಲ್ಬಮ್ಮೇ ಇನ್ನೂ ಬಂದಿಲ್ಲ, ಬಿಡ್ರೀ ಪಾಪ" ಎಂದು ದೊಡ್ಡಮ್ಮನೇ ಅಡ್ಡ ಬಂದು ಉಳಿಸಬೇಕು. ಈ ಸಲ ರಜೆಯ ಮೊದಲ ದಿನವೇ ಮಾಜಿ ಸೈನಿಕರಿಗೆ ಸನ್ಮಾನವಿತ್ತು. ಪದಕ ಹಾಕಿಸಿಕೊಳ್ಳುವಾಗಲೂ ದೊಡ್ಡಪ್ಪನ ಕಣ್ಣು ಅಧಿಕಾರಿಯ ಕಿವಿಯ ಪಕ್ಕದ ಸೊಟ್ಟ ಕೃದಾದ ಮೇಲೆಯೇ. ನಾವಂತೂ ಶಿಳ್ಳೆ ಹೊಡೆದು ಸಭಾಂಗಣವನ್ನೇ ಎಬ್ಬಿಸಿಬಿಟ್ಟೆವು. ಅವನು ವೇದಿಕೆ ಇಳಿಯುತ್ತಿದ್ದಂತೆ ಊರುಗೋಲಿನ ಮುದುಕನೊಬ್ಬ ಎದುರು ನಿಂತು, "ಯುದ್ಧಕ್ಕೆ ಹೊರಟಾಗ, ಕೂದಲು ಬೆಳೆದ ಮೇಲೆ ಬನ್ರೋ, ಕಾಯ್ತಿರ್ತೀನಿ ಅಂತ ನಮಗೆಲ್ಲ ಹೇಳಿ ಕಳಿಸಿದ್ಯಲ್ಲ, ಬಂದಿದ್ದೀನಿ ನೋಡು" ಎಂದು ಟೋಪಿ ತೆಗೆದ. ತಲೆ ಫಳಫಳ ಬೋಳು! ದೊಡ್ಡಪ್ಪ ಹೋ ಎಂದು ನಕ್ಕ. ನಗುನಗುತ್ತಲೇ, "ಆ ತುಕಡಿಯಲ್ಲಿ ಒಬ್ಬನೂ ಉಳೀಲಿಲ್ಲ ಅಂದ್ಕೊಂಡಿದ್ನಲ್ಲೋ" ಎಂದು ಅವನನ್ನು ತಬ್ಬಿಕೊಂಡ. ಆಮೇಲೆ ಗೆಳೆಯನನ್ನು ಮನೆಗೇ ಎಳೆದು ತಂದು, ತಾರಸಿಯ ಮೇಲೆ ನಮ್ಮೆಲ್ಲರ ನಡುವೆ ಕೂರಿಸಿ, ಹೊಸ ಬಟ್ಟೆ ಹೊದಿಸಿ, ಅವನ ಕಿವಿಯ ಹಿಂದೆ ಉಳಿದಿದ್ದ ನಾಲ್ಕು ಬಿಳಿ ಎಳೆಗಳನ್ನು ಸಂಜೆಯಾಗುವವರೆಗೂ ಕತ್ತರಿಸಿದ.