ಮಹಾದೇವನ ದಾರಿಯಲ್ಲಿ ಹೇಳದ ಸುದ್ದಿ

ನಾಗಪುರದಿಂದ ಸಣ್ಣ ರೈಲು ಹತ್ತಿ ಸಾತ್ಪುಡಾ ಗುಡ್ಡಗಳ ಬುಡದಲ್ಲಿ ಇಳಿದರೆ ಅಲ್ಲಿಂದ ಮುಂದೆ ಮಹಾದೇವನ ಬೆಟ್ಟಕ್ಕೆ ಕಾಲುದಾರಿಯೇ ಗತಿ. ಶಿವರಾತ್ರಿಯ ಹೊತ್ತಿಗೆ ಹರಕೆಯವರು ಹೆಗಲ ಮೇಲೆ ಕಬ್ಬಿಣದ ತ್ರಿಶೂಲ ಹೊತ್ತು ಬರಿಗಾಲಲ್ಲಿ ಆ ದಾರಿ ಹಿಡಿಯುತ್ತಿದ್ದರು. ಐವತ್ತರ ದಶಕದ ಒಂದು ವರ್ಷ ನನ್ನಪ್ಪನೂ ಹೊತ್ತ. ಬುತ್ತಿಗಂಟು ಹಿಡಿದು ಹಿಂದೆ ನಾನು, ಹನ್ನೊಂದರ ಹುಡುಗಿ.

ಹರಕೆ ತಮ್ಮನದು. ವರ್ಷ ತುಂಬದ ಕೂಸು, ಜ್ವರ ಬಿಟ್ಟಿರಲಿಲ್ಲ. ಗುಣವಾದ ಮೇಲೆ ತ್ರಿಶೂಲ ಏರಿಸುವುದು ವಾಡಿಕೆ. ಅಪ್ಪನಿಗೆ ಅಷ್ಟು ತಾಳ್ಮೆ ಎಲ್ಲಿಯದು? ನಾಗಪುರದ ರೈಲ್ವೆಯಲ್ಲಿ ಕಬ್ಬಿಣ ಬಡಿಯುವ ಮನುಷ್ಯ, ತ್ರಿಶೂಲವನ್ನೂ ತಾನೇ ಬಡಿದು ಮಾಡಿದ. "ಮೊದಲ ನಾವು ಕೊಡೂಣು. ಆಮ್ಯಾಲೆ ಅವಗ ಕೊಡಲಿಕ್ಕೇ ಬೇಕಾಗತೈತಿ" ಎಂದ. ದೇವರ ಮೇಲೂ ಅವನದು ಜುಲುಮೆಯೇ.

ಎರಡನೆಯ ದಿನ ಒಂದು ಝರಿಯ ಹತ್ತಿರ ನಮ್ಮ ಕ್ವಾರ್ಟರ್ಸಿನ ಪಕ್ಕದ ಮನೆಯ ಕಾಕಾ ಏದುಸಿರು ಬಿಡುತ್ತ ಬಂದು ಕೂಡಿಕೊಂಡರು. ನಮ್ಮ ಹಾಗೆಯೇ ಬೆಳಗಾವಿ ಕಡೆಯವರು, ಅಪ್ಪನ ಗೆಳೆಯರು.

"ರಜಾ ಸಿಕ್ತೇನೋ? ಕೂಸು ಹ್ಯಾಂಗೈತಿ?" ಅಪ್ಪ ಕೇಳಿದ.

ಕಾಕಾ ಬಗ್ಗಿ ಮುಖ ತೊಳೆದುಕೊಂಡರು. ಬಹಳ ಹೊತ್ತು ತೊಳೆದುಕೊಂಡರು. "ಜ್ವರ ಬಿಟ್ಟೈತಿ" ಎಂದರು.

ತಮ್ಮ ಹಿಂದಿನ ದಿನವೇ ತೀರಿಕೊಂಡಿದ್ದ. ಅಂದೇ ಮಣ್ಣು ಮಾಡಿದ್ದರು. ಕಾಕಾರನ್ನು ಕಳಿಸಿದವಳು ನನ್ನ ಅವ್ವ: ತ್ರಿಶೂಲ ಏರಿಸುವ ತನಕ ಹೇಳಬ್ಯಾಡ್ರಿ, ಹೇಳುವಾಗ ಅವರ ಹತ್ತಿರ ಇರ್ರಿ ಎಂದು. ಸಾವಿನ ಸುದ್ದಿ ಕಿವಿಗೆ ಬಿದ್ದರೆ ಸೂತಕ, ಸೂತಕ ಬಂದವನು ಹರಕೆ ಮುಟ್ಟಿಸುವಂತಿಲ್ಲ. ಕೇಳದಿದ್ದರೆ ಸೂತಕವಿಲ್ಲ! ಕೂಸೇ ಹೋದ ಮೇಲೆ ಯಾತರ ಹರಕೆ, ಎಂಥ ಶಾಸ್ತ್ರ? ಅದನ್ನು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಅವ್ವನ ಮೇಲೆ ಮಾತ್ರ ಸಿಟ್ಟು ಬರುವುದಿಲ್ಲ.

ನನಗೂ ಆಗ ಏನೂ ಗೊತ್ತಿರಲಿಲ್ಲ. ಮುಂದೆ ಒಂದು ಮರದ ಕೆಳಗೆ ಕಾಕಾ ತಮ್ಮ ಪಾಲಿನ ರೊಟ್ಟಿ ನನಗೇ ಕೊಟ್ಟರು, ತಿಂದೆ. ಅಪ್ಪನಿಗಂತೂ ಖುಷಿಗೆ ನೆಲ ಕಾಣುತ್ತಿರಲಿಲ್ಲ. ಕಲ್ಲು ಚುಚ್ಚಿ ಹಿಮ್ಮಡಿ ಒಡೆದಿದ್ದರೂ ಊರಿನ ಭಜನೆಯ ಪದಗಳನ್ನೆಲ್ಲ ತೆಗೆದು ಹಾಡತೊಡಗಿದ. "ಸುಮ್ನ ಯಾಕ ಬರತಿ? ತಾಳಾ ಹಾಕೋ!" ಎಂದ. ಕಾಕಾ ಚಪ್ಪಾಳೆ ತಟ್ಟುತ್ತ ನಡೆದರು. ಕಡಿದಾದ ಏರಿನಲ್ಲಿ ನಿಂತು ಅಪ್ಪ ತ್ರಿಶೂಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದ. "ಮುಂದಿನ ವರ್ಷ ಈ ಹೆಗಲ ಮ್ಯಾಲೆ ಅವನ್ನ ಕೂಡಿಸ್ಕೊಂಡು ಬರತೀನಿ, ಇದಕ್ಕಿಂತ ಹಗುರ ಅದಾನ" ಎಂದು ನಕ್ಕ. ಕಾಕಾ ನನ್ನ ಕೈ ಹಿಡಿದುಕೊಂಡು ಮುಂದೆ ನಡೆದುಬಿಟ್ಟರು.

ಮೇಲೆ, ಗುಡಿಯ ಮುಂದೆ ತ್ರಿಶೂಲಗಳ ರಾಶಿ. ಅಪ್ಪ ತನ್ನದನ್ನು ಊರಿ, ಹಣೆಗೆ ಬೂದಿ ಹಚ್ಚಿಕೊಂಡು ತಿರುಗಿದ. ಕಾಕಾ ಅವನ ಎರಡೂ ಕೈ ಹಿಡಿದು ಹೇಳಿದರು. ಅಪ್ಪ ಅಳಲಿಲ್ಲ. "ಯಾವಾಗ?" ಎಂದಷ್ಟೇ ಕೇಳಿದ. ನಾನೇ ಗಟ್ಟಿಯಾಗಿ ಅತ್ತೆ.

ಇಳಿಯುವಾಗ ದಾರಿಯುದ್ದಕ್ಕೂ ಅಪ್ಪ ಅಲ್ಲಲ್ಲಿ ನಿಂತ. ಕಡಿದಾದ ಏರಿನಲ್ಲಿ ನಿಂತು, "ಇಲ್ಲೆ ಹೇಳಬಹುದಿತ್ತು" ಎಂದ. ರೊಟ್ಟಿ ತಿಂದ ಮರದ ಕೆಳಗೆ, "ಇಲ್ಲೆ ಹೇಳಬಹುದಿತ್ತು." ದನಿಯಲ್ಲಿ ಸಿಟ್ಟು ಇರಲಿಲ್ಲ. ಕಾಕಾ ತಲೆ ಬಗ್ಗಿಸಿ, "ಹೇಳಿದ್ರೂ ಕೂಸಿನ ಮಾರಿ ನೋಡಲಿಕ್ಕೆ ಸಿಗತಿದ್ದಿಲ್ಲಪಾ" ಎಂದರು.

ಝರಿ ಬಂತು. ಅಪ್ಪ ಕುಳಿತು, ಒಡೆದ ಕಾಲನ್ನು ನೀರಿಗೆ ಇಳಿಬಿಟ್ಟ.

"ಮಾರಿ ಸಿಗತಿದ್ದಿಲ್ಲ, ಖರೆ" ಎಂದ. "ಆದ್ರ ಇಲ್ಲಿಂದ ಗುಡಿತನಕ ನಾ ಹಾಡಿಕೋತ ಹೋದೆ. ನೀ ತಾಳಾ ಹಾಕಿದಿ."